ಪಟ್ಟಿಯಿಂದ ಒಂದನ್ನು ಎತ್ತುವುದು

ಪೈಥಾನ್‌ನಲ್ಲಿ ಒಂದು ಪಟ್ಟಿಯಿಂದ ಯಾವುದಾದರೂ ಒಂದು ಹೆಸರು ಬೇಕೆಂದರೆ ಒಂದೇ ಸಾಲು ಸಾಕು. ರ‍್ಯಾಂಡಮ್ ಮಾಡ್ಯೂಲಿನ ‘ಚಾಯ್ಸ್’ ಫಂಕ್ಷನ್‌ಗೆ ಪಟ್ಟಿಯನ್ನು ಕೊಟ್ಟರೆ ಚೀಟಿ ಎತ್ತಿದ ಹಾಗೆ ಒಂದು ಹೆಸರು ಕೈಗೆ ಬರುತ್ತದೆ. ಅದಕ್ಕಿರುವ ಕರಾರು ಒಂದೇ: ಪಟ್ಟಿಯಲ್ಲಿರುವ ಎಲ್ಲರಿಗೂ ಸಮಾನ ಅವಕಾಶ. ಅಷ್ಟನ್ನು ಪಾಲಿಸಲು ಕಲಿಯುವುದಕ್ಕೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಪಕ್ಷಪಾತವನ್ನು ಒಂದು ಕಡೆ ಮುಚ್ಚಿದರೆ ಅದು ಇನ್ನೊಂದು ಕಡೆ ತಲೆ ಎತ್ತುತ್ತಿತ್ತು.

ಕಂಪ್ಯೂಟರಿಗಿಂತ ಮುಂಚೆ ಈ ಕೆಲಸ ಕ್ರಮವಿಲ್ಲದ ಅಂಕಿಗಳನ್ನು ಅಚ್ಚು ಹಾಕಿದ ಕೋಷ್ಟಕಗಳದ್ದು. 1927ರಲ್ಲಿ ಇಂಗ್ಲೆಂಡಿನ ಟಿಪ್ಪೆಟ್ 41,600 ಅಂಕಿಗಳ ಕೋಷ್ಟಕ ಪ್ರಕಟಿಸಿದರು. 1955ರಲ್ಲಿ ಅಮೆರಿಕದ ರ‍್ಯಾಂಡ್ ಕಾರ್ಪೊರೇಷನ್ ಹತ್ತು ಲಕ್ಷ ಅಂಕಿಗಳ ಪುಸ್ತಕವನ್ನೇ ತಂದಿತು. ನಮ್ಮಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆ ರಾವ್, ಮಿತ್ರ, ಮತ್ತಾಯಿ ಅವರ ಕೋಷ್ಟಕ ಪರಿಚಿತ. ಆ ರಾವ್ ಎಂದರೆ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್.

ಯಂತ್ರಕ್ಕೆ ಕೋಷ್ಟಕ ಓದಿಸುವುದು ನಿಧಾನದ ಕೆಲಸ. ಹಾಗಾಗಿ ಅಂಕಿಗಳನ್ನು ಯಂತ್ರವೇ ಲೆಕ್ಕ ಹಾಕಿ ಹುಟ್ಟಿಸಲಿ ಎಂದು ಜಾನ್ ವಾನ್ ನಾಯ್ಮನ್ ಹೊರಟರು. ಸಂಖ್ಯೆಯನ್ನು ವರ್ಗ ಮಾಡಿ, ನಡುವಿನ ಅಂಕಿಗಳನ್ನು ಆರಿಸಿ, ಅವನ್ನು ಮತ್ತೆ ವರ್ಗ ಮಾಡುವುದು ಅವರ ದಾರಿ. ಆ ಸರಣಿ ಎಷ್ಟೋ ಸಲ ಬೇಗನೆ ಸೊನ್ನೆಗೆ ಇಳಿಯುತ್ತಿತ್ತು, ಇಲ್ಲವೇ ಚಿಕ್ಕದೊಂದು ಚಕ್ರದಲ್ಲಿ ಸಿಕ್ಕಿಬೀಳುತ್ತಿತ್ತು. ಲೇಮರ್ 1949ರಲ್ಲಿ ಮುಂದಿಟ್ಟ ಗುಣಿಸಿ ಶೇಷ ತೆಗೆಯುವ ವಿಧಾನ ಗಟ್ಟಿಯಾಗಿ ನಿಂತಿತು, ಆದರೆ ಗುಣಕವನ್ನು ಎಚ್ಚರದಿಂದ ಆರಿಸಬೇಕಿತ್ತು. ಐಬಿಎಂ ಯಂತ್ರಗಳ ಮೂಲಕ 1960ರ ದಶಕದಲ್ಲಿ ಎಲ್ಲೆಡೆ ಹರಡಿದ ‘ರ‍್ಯಾಂಡ್ಯು’ 65539ನ್ನು ಗುಣಕವಾಗಿ ಇಟ್ಟುಕೊಂಡಿತ್ತು. ಅದರ ಸಂಖ್ಯೆಗಳನ್ನು ಮೂರು ಮೂರಾಗಿ ತೆಗೆದು ಮೂರು ಆಯಾಮದಲ್ಲಿ ಚುಕ್ಕೆ ಇಟ್ಟರೆ ಅಷ್ಟೂ ಚುಕ್ಕೆಗಳು ಬರೀ 15 ಸಮತಲಗಳ ಮೇಲೆ ಸಾಲುಗಟ್ಟಿ ನಿಲ್ಲುತ್ತವೆ. ಈ ಜಾತಿಯ ಎಲ್ಲ ವಿಧಾನಗಳಿಗೂ ಇಂಥ ದೋಷ ಅಂಟಿಕೊಂಡಿದೆ ಎಂದು 1968ರಲ್ಲಿ ಮಾರ್ಸಾಗ್ಲಿಯಾ ತೋರಿಸಿದರು. ಅದಾಗಲೇ ಎಷ್ಟೋ ವೈಜ್ಞಾನಿಕ ಲೆಕ್ಕಗಳು ರ‍್ಯಾಂಡ್ಯುವನ್ನು ನಂಬಿ ನಡೆದಿದ್ದವು.

ಇನ್ನು ಒಳ್ಳೆಯ ಸಂಖ್ಯೆ ಸಿಕ್ಕಿತು ಎಂದುಕೊಳ್ಳೋಣ. ಅದನ್ನು ಪಟ್ಟಿಯ ಉದ್ದಕ್ಕೆ ಇಳಿಸುವುದು ಹೇಗೆ? ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಯಬೇಕಾದ ಜಾಗ ಇದೇ. ಒಂದು ಬೈಟ್‌ಗೆ ಸೊನ್ನೆಯಿಂದ 255ರವರೆಗೆ 256 ಬೆಲೆಗಳು. ಪಟ್ಟಿಯಲ್ಲಿ 100 ಹೆಸರುಗಳಿದ್ದರೆ 100ರಿಂದ ಭಾಗಿಸಿ ಶೇಷ ತೆಗೆಯುವುದು ಬಹುಕಾಲದ ವಾಡಿಕೆ. ಸೊನ್ನೆಯಿಂದ 55ರವರೆಗಿನ ಶೇಷಗಳು ಮೂರು ಮೂರು ಸಲ ಬರುತ್ತವೆ, 56ರಿಂದ 99ರವರೆಗಿನವು ಎರಡೆರಡೇ ಸಲ. ಮೊದಲ 56 ಹೆಸರುಗಳಿಗೆ ಉಳಿದವರ ಒಂದೂವರೆ ಪಟ್ಟು ಅವಕಾಶ ಸಿಕ್ಕಿಬಿಟ್ಟಿತು! ಸಿ ಭಾಷೆಯ ‘ರ‍್ಯಾಂಡ್’ ಕನಿಷ್ಠ 32767ರವರೆಗೆ ಕೊಟ್ಟರೆ ಸಾಕು ಎನ್ನುತ್ತದೆ ಅದರ ಮಾನಕ. ಆ ಕನಿಷ್ಠಕ್ಕೇ ನಿಂತ ಕಂಪೈಲರ್‌ನಲ್ಲಿ ಅರ್ಧ ಲಕ್ಷ ಹೆಸರುಗಳ ಪಟ್ಟಿ ಕೊಟ್ಟರೆ ಬಾಲದಲ್ಲಿರುವವರ ಸರದಿ ಎಂದೂ ಬರುವುದೇ ಇಲ್ಲ.

ಪರಿಹಾರ ಸರಳ: ಹೆಚ್ಚಾಗಿ ಬಂದದ್ದನ್ನು ಬಿಸಾಕಿ ಮತ್ತೆ ಎತ್ತುವುದು. 2011ರ ಪೈಥಾನ್ 3.2ರಿಂದ ಹೀಗೇ ನಡೆಯುತ್ತಿದೆ. ನೂರು ಹೆಸರಿಗೆ ಏಳು ಬಿಟ್ ತೆಗೆದುಕೊಂಡು, 100 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಿಟ್ಟು ಮತ್ತೆ ಕೇಳುತ್ತದೆ. ಇದನ್ನು ಬಹುಪಾಲು ಭಾಗಾಕಾರವೇ ಇಲ್ಲದೆ ಚುರುಕಾಗಿ ಮಾಡುವ ದಾರಿಯನ್ನು ಡೇನಿಯಲ್ ಲೆಮಿರ್ 2019ರಲ್ಲಿ ಪ್ರಕಟಿಸಿದರು.

ಇಡೀ ಪಟ್ಟಿಯನ್ನು ಕಲೆಸುವುದಕ್ಕೆ ಫಿಶರ್ ಮತ್ತು ಯೇಟ್ಸ್ 1938ರಲ್ಲೇ ಸರಿಯಾದ ವಿಧಾನ ಹೇಳಿದ್ದರು. 1964ರಲ್ಲಿ ಡರ್ಸ್ಟೆನ್‌ಫೆಲ್ಡ್ ಅದನ್ನು ಕಂಪ್ಯೂಟರಿಗೆ ಒಗ್ಗಿಸಿದರು. ಆದರೂ 2010ರಲ್ಲಿ ಯುರೋಪಿನ ಬಳಕೆದಾರರಿಗೆ ಬ್ರೌಸರ್ ಆಯ್ಕೆ ಮಾಡಿಸುವ ಪುಟದಲ್ಲಿ ಮೈಕ್ರೋಸಾಫ್ಟ್ ಅಡ್ಡದಾರಿ ಹಿಡಿಯಿತು: ವಿಂಗಡಿಸುವ ಫಂಕ್ಷನ್‌ಗೆ ಮನಬಂದಂತೆ ಉತ್ತರ ಕೊಡಿಸಿ ಕಲೆಸಲು ನೋಡಿತು. ಅದರದೇ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಆ ಪುಟ ತೆರೆದರೆ ಎಕ್ಸ್‌ಪ್ಲೋರರ್‌ನ ಹೆಸರೇ ಸುಮಾರು ಅರ್ಧದಷ್ಟು ಸಲ ಕೊನೆಯ, ಐದನೇ ಸ್ಥಾನಕ್ಕೆ ಬೀಳುತ್ತಿತ್ತು.

ಪಕ್ಷಪಾತದ ಕೊನೆಯ ಅಡಗುತಾಣ ಸೀಡ್, ಅಂದರೆ ಸರಣಿ ಶುರುವಾಗುವ ಸಂಖ್ಯೆ. 52 ಎಲೆಗಳ ಇಸ್ಪೀಟು ಕಟ್ಟನ್ನು 68 ಅಂಕಿಗಳಷ್ಟು ದೊಡ್ಡ ಸಂಖ್ಯೆಯ ಬಗೆಗಳಲ್ಲಿ ಜೋಡಿಸಬಹುದು. 1999ರಲ್ಲಿ ಬಯಲಿಗೆ ಬಂದ ಒಂದು ಆನ್‌ಲೈನ್ ಪೋಕರ್ ತಂತ್ರಾಂಶವು ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳನ್ನು ಸೀಡ್ ಮಾಡಿಕೊಂಡಿತ್ತು. ದಿನಕ್ಕೆ ಇರುವುದೇ 8.64 ಕೋಟಿ ಮಿಲಿಸೆಕೆಂಡು. ಗಡಿಯಾರ ಹೊಂದಿಸಿಕೊಂಡವರಿಗೆ ಎದುರಾಳಿಯ ಎಲೆಗಳು ಕಾಣಿಸಿಬಿಟ್ಟವು. 1997ರಲ್ಲಿ ಮತ್ಸುಮೊಟೊ ಮತ್ತು ನಿಶಿಮುರಾ ರೂಪಿಸಿದ ಮರ್ಸೆನ್ ಟ್ವಿಸ್ಟರ್ ಹಂಚಿಕೆಯಲ್ಲಿ ಬಹಳ ಸಮ, ಪೈಥಾನ್ ಇಂದಿಗೂ ಅದನ್ನೇ ಬಳಸುತ್ತದೆ. ಆದರೆ ಅದರ 624 ಸಂಖ್ಯೆಗಳನ್ನು ಸತತವಾಗಿ ನೋಡಿದವರು ಮುಂದಿನದೆಲ್ಲವನ್ನೂ ಹೇಳಬಲ್ಲರು. ಆದ್ದರಿಂದ 2016ರ ಪೈಥಾನ್ 3.6ರಲ್ಲಿ ‘ಸೀಕ್ರೆಟ್ಸ್’ ಎಂಬ ಪ್ರತ್ಯೇಕ ಮಾಡ್ಯೂಲ್ ಬಂತು. ಪಾಸ್‌ವರ್ಡ್ ಕಟ್ಟುವವರು ಅದರ ಚಾಯ್ಸನ್ನೇ ಬಳಸಬೇಕು.

ಸಾರ್ವಜನಿಕ ಆಯ್ಕೆಗೆ ಗುಟ್ಟು ಕೂಡ ಸಾಲದು, ಸೋತವರಿಗೂ ಪರೀಕ್ಷಿಸಿ ನೋಡುವ ದಾರಿ ಬೇಕು. ಇಂಟರ್ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್ ತನ್ನ ನಾಮನಿರ್ದೇಶನ ಸಮಿತಿಗಾಗಿ 2004ರಲ್ಲಿ ಪ್ರಕಟಿಸಿದ ವಿಧಾನ ಇಂಥದ್ದು. ಸ್ವಯಂಸೇವಕರ ಪಟ್ಟಿಗೆ ಕ್ರಮಸಂಖ್ಯೆ ಹಾಕಿ ಮೊದಲೇ ಪ್ರಕಟಿಸುತ್ತಾರೆ. ಮುಂದೆ ಇಂಥ ದಿನ ಬರಲಿರುವ ಇಂಥ ಲಾಟರಿ ಫಲಿತಾಂಶವೇ ಸೀಡ್ ಎಂದೂ ಸಾರುತ್ತಾರೆ. ಆ ದಿನ ಬಂದ ಮೇಲೆ ಲೆಕ್ಕವನ್ನು ಯಾರು ಬೇಕಾದರೂ ತಮ್ಮ ಯಂತ್ರದಲ್ಲಿ ಮಾಡಿ ಅದೇ ಹೆಸರುಗಳು ಬರುತ್ತವೆಯೇ ಎಂದು ನೋಡಬಹುದು. ಶಾಲೆಯ ಸೀಟು, ಮನೆ, ನಿವೇಶನಗಳನ್ನು ಕಂಪ್ಯೂಟರ್ ಲಾಟರಿಯಲ್ಲಿ ಹಂಚುವ ಯಾವ ಸರ್ಕಾರವೂ ಇದಕ್ಕಿಂತ ಕಡಿಮೆಗೆ ಒಪ್ಪಬಾರದು.