ನಕಾಶೆಯ ವಿಮರ್ಶೆ ಮತ್ತು ಸ್ಥಳಾಧಾರಿತ ಮಾಧ್ಯಮಕಲೆ: ಉತ್ತರ ಕರ್ನಾಟಕದಲ್ಲಿ

ಗದಗ ಜಿಲ್ಲೆಯ ಯಳವತ್ತಿಯಂಥ ಊರಿನ ಗ್ರಾಮನಕಾಶೆಯಲ್ಲಿ ಸರ್ವೆ ನಂಬರು, ಬಾಂದುಕಲ್ಲು, ಹಳ್ಳ, ಗಾಡಿದಾರಿ ಇರುತ್ತವೆ. ಎರೆಹೊಲದಲ್ಲಿ ಹತ್ತಿ ಬಿಡಿಸುವ ಕೂಲಿಯವರು, ಸುಗ್ಗಿ ಮುಗಿದ ಮೇಲೆ ಹಿಂಡು ನಿಲ್ಲಿಸುವ ಕುರಿಗಾರರು ಇರುವುದಿಲ್ಲ. ಇದು ಅಳತೆಯ ತಪ್ಪಲ್ಲ, ಉದ್ದೇಶದ ಫಲ. 19ನೇ ಶತಮಾನದ ನಡುಭಾಗದಲ್ಲಿ ಬ್ರಿಟಿಷ್ ಮೋಜಣಿ ಅಧಿಕಾರಿ ವಿಂಗೇಟ್ ಧಾರವಾಡ ಸೀಮೆಯಲ್ಲಿ ನಡೆಸಿದ ಕಂದಾಯ ಮೋಜಣಿಗೆ 33 ಅಡಿಯ ಸರಪಳಿಯೇ ಅಳತೆ: ಒಂದು ಸರಪಳಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಮಣ್ಣಿನ ಆಳ, ಬಣ್ಣ ನೋಡಿ ಆಣೆಯ ಲೆಕ್ಕದಲ್ಲಿ ದರ್ಜೆ ಕಟ್ಟಿ ಆಕಾರ, ಅಂದರೆ ಹೊಲದ ಕಂದಾಯ, ಗೊತ್ತುಮಾಡಿದರು. ಕಂದಾಯಕ್ಕೆ ಬೇಕಾದದ್ದು ಕಾಗದಕ್ಕೇರಿತು. ನಕಾಶೆಯ ಮೌನವೂ ಅಧಿಕಾರದ ಮಾತೇ ಎಂದು ನಕಾಶೆಗಳ ಇತಿಹಾಸಕಾರ ಬ್ರಯನ್ ಹಾರ್ಲಿ 1980ರ ದಶಕದಲ್ಲಿ ವಾದಿಸಿದ್ದಕ್ಕೆ ಇಲ್ಲಿನ ಹೊಲಗಳೇ ಸಾಕ್ಷಿ. ಇದೇ ನಕಾಶೆ ರೈತನನ್ನು ಕಾಯುತ್ತದಲ್ಲ ಎಂಬ ಆಕ್ಷೇಪ ಹಗುರವಾದುದಲ್ಲ. ಬದುವಿನ ತಂಟೆಯಲ್ಲಿ, ಮುಚ್ಚಿದ ದಾರಿ ಬಿಡಿಸಿಕೊಳ್ಳುವಲ್ಲಿ ಬಡವನಿಗೆ ಅದೇ ಆಧಾರ. ಸರ್ಕಾರದ ದಿಶಾಂಕ್ ಆ್ಯಪ್ ಇಂದು ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುತ್ತದೆ. ಆದರೆ ಆ ರಕ್ಷಣೆ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ವಿಮರ್ಶೆ ಅಳತೆಯನ್ನು ತಳ್ಳಿಹಾಕುವುದಿಲ್ಲ, ಉಳಿದವರ ಲೆಕ್ಕ ಕೇಳುತ್ತದೆ.

ಸ್ಥಳವನ್ನೇ ವಸ್ತುವಾಗಿಸಿಕೊಂಡ ಮಾಧ್ಯಮಕಲೆ ಆ ಲೆಕ್ಕ ಕೊಟ್ಟಿತೇ? ಹಂಪಿಯಲ್ಲಿ ಈ ಪ್ರಶ್ನೆಯನ್ನು ಒರೆಗೆ ಹಚ್ಚಬಹುದು. ಮೋಜಣಿ ಅಧಿಕಾರಿ ಕಾಲಿನ್ ಮೆಕೆಂಜಿ 1800ರ ಆಸುಪಾಸಿನಲ್ಲಿ ಅಲ್ಲಿನ ಅವಶೇಷಗಳ ನಕಾಶೆ ಮಾಡಿಸಿದ. 1856ರಲ್ಲಿ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಅವುಗಳನ್ನು ಸೆರೆಹಿಡಿದ. 1980ರ ದಶಕದಲ್ಲಿ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಕ್ಯಾಮೆರಾ ಎಲ್ಲಿತ್ತು ಎಂಬುದೇ ಚಿತ್ರದ ಅರ್ಥವಾದ ಗಳಿಗೆಯದು; ಈ ಚರಿತ್ರೆಯ ನಿಜವಾದ ತಿರುವು ಇದೇ ಎನ್ನಬೇಕು. ಮುಂದೆ 2006ರಲ್ಲಿ ಮಾಧ್ಯಮಕಲಾವಿದರಾದ ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ‘ಪ್ಲೇಸ್-ಹಂಪಿ’ ಎಂಬ ಕಲಾಕೃತಿ ರೂಪಿಸಿದರು. ದುಂಡು ಪರದೆಯ ನಡುವೆ ತಿರುಗುವ ವೇದಿಕೆ. ಪ್ರೇಕ್ಷಕ ತಾನೇ ಅದನ್ನು ತಿರುಗಿಸುತ್ತ ಹಂಪಿಯ ಮೂರು ಆಯಾಮದ ದೃಶ್ಯಗಳೊಳಗೆ ಸಾಗುತ್ತಾನೆ, ಕಲ್ಲುಗಳ ನಡುವೆ ದೇವತೆಗಳು ಚಲಿಸುತ್ತಾರೆ. ಮೇಲಿನಿಂದ ನೋಡುವ ಮೋಜಣಿದಾರನ ಕಣ್ಣು ನೆಲಕ್ಕಿಳಿದು ನಡೆಯುವವನ ಕಣ್ಣಾಯಿತು. ಪುರಾಣವೂ ಸ್ಥಳದ ಭಾಗವೆಂದು ಒಪ್ಪಿದ್ದು ದೊಡ್ಡ ಗಳಿಕೆ. ಹಾಗಿದ್ದೂ ಆ ಕೃತಿಯ ಕೇಂದ್ರ ಸ್ಮಾರಕ ಮತ್ತು ಪುರಾಣ. ವಿರೂಪಾಕ್ಷ ಗುಡಿಯ ಎದುರು ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರಲ್ಲ. 2011ರ ಜುಲೈನಲ್ಲಿ ಅವರನ್ನು ತೆರವುಗೊಳಿಸಲಾಯಿತು. ಕಲಾಕೃತಿ ಜನಗಣತಿಯಲ್ಲ, ಆಯ್ಕೆ ಅದರ ಹಕ್ಕು ಎನ್ನಬಹುದು. ನಿಜ, ಆದರೆ ಸ್ಥಳದ ಹೆಸರನ್ನೇ ತಲೆಬರಹ ಮಾಡಿಕೊಂಡ ಕೃತಿಯಲ್ಲಿ ಮಂಟಪದ ಕಂಬಕ್ಕೆ ಸಿಗುವ ಜಾಗ, ಆ ಕಂಬಕ್ಕೆ ತಗಡು ಆನಿಸಿ ಬದುಕಿದ ಸಂಸಾರಕ್ಕೂ ಸಿಗಬೇಕು.