ವಸಂತ ಋತುವಿನಲ್ಲಿ ಹಿಮಾಲಯ ಚಾರಣ: ಹಿಮಕುಸಿತದ ಅಪಾಯ ಮತ್ತು ಮುನ್ನೆಚ್ಚರಿಕೆಗಳು

ಉತ್ತರಾಖಂಡ, ಹಿಮಾಚಲ ಪ್ರದೇಶ, ಸಿಕ್ಕಿಂ ಮೊದಲಾದ ರಾಜ್ಯಗಳ ಎತ್ತರದ ಪ್ರದೇಶಗಳಿಗೆ ಮಾರ್ಚ್‌ನಿಂದ ಮೇ ತಿಂಗಳವರೆಗೆ ಚಾರಣಕ್ಕೆ ತೆರಳಲು ಅನುಮತಿ ಕೋರುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಚಳಿಗಾಲ ಮುಗಿದೊಡನೆ ಹಿಮಕುಸಿತದ ಅಪಾಯವೂ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಈ ಅವಧಿಯಲ್ಲಿ ತಿಳಿಯಾದ ಆಕಾಶ ಮತ್ತು ಪ್ರಖರವಾದ ಬಿಸಿಲೇ ಅಪಾಯಕ್ಕೆ ಕಾರಣವಾಗಬಲ್ಲವು.

ಹಿಮಕುಸಿತಕ್ಕೆ ಕಾರಣಗಳು

ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಹಿಮವು ಮುಂಜಾನೆ ಗಟ್ಟಿಯಾಗಿದ್ದು ಕಾಲಿನ ಭಾರವನ್ನು ತಡೆದುಕೊಳ್ಳುತ್ತದೆ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ನೀರು ಒಳಪದರಗಳಿಗೆ ಇಳಿಯುತ್ತದೆ. ಇದರಿಂದ ಪದರಗಳ ನಡುವಿನ ಹಿಡಿತ ಸಡಿಲಗೊಂಡು, ಒದ್ದೆಯಾದ ಭಾರದ ಹಿಮರಾಶಿ ಜಾರುತ್ತದೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರುಗಳು ಬೆಳಿಗ್ಗೆ, ದಕ್ಷಿಣದವು ಮಧ್ಯಾಹ್ನ, ಪಶ್ಚಿಮದವು ಅಪರಾಹ್ನ ಸಡಿಲಗೊಳ್ಳುತ್ತವೆ. ರಾತ್ರಿ ಮೋಡ ಕವಿದಿದ್ದರೆ ಹಿಮವು ಪುನಃ ಹೆಪ್ಪುಗಟ್ಟದೆ ಮುಂಜಾನೆಯೂ ಅಪಾಯ ಉಳಿಯುತ್ತದೆ. ಹೊಸ ಹಿಮ ಅಥವಾ ಹಿಮದ ಮೇಲೆ ಮಳೆ ಬಿದ್ದಾಗ ಅಪಾಯ ಹೆಚ್ಚುತ್ತದೆ. 30ರಿಂದ 45 ಡಿಗ್ರಿ ಕೋನದ ಇಳಿಜಾರುಗಳಲ್ಲಿ ಹಿಮಕುಸಿತಗಳು ಅಧಿಕ.

ಸಿಕ್ಕಿಂನ ನಾಥೂಲಾ ಮಾರ್ಗದಲ್ಲಿ 2023ರ ಏಪ್ರಿಲ್ 4ರಂದು ಮಧ್ಯಾಹ್ನದ ವೇಳೆಗೆ ಸಂಭವಿಸಿದ ಹಿಮಕುಸಿತದಲ್ಲಿ 7 ಮಂದಿ ಪ್ರವಾಸಿಗರು ಮೃತಪಟ್ಟರು. ಅನುಮತಿಯಿದ್ದುದು 13ನೆಯ ಮೈಲಿಯವರೆಗೆ. ಕುಸಿತ ಸಂಭವಿಸಿದ್ದು 15ನೆಯ ಮೈಲಿಯ ಬಳಿ.

ಪ್ರಯಾಣಕ್ಕೆ ಮುನ್ನ

1. ಆಯಾ ರಾಜ್ಯದ ಸಕ್ಷಮ ಪ್ರಾಧಿಕಾರದಿಂದ ಅನುಮತಿ ಪಡೆಯತಕ್ಕದ್ದು. ಅನುಮತಿ ಪತ್ರದಲ್ಲಿ ನಮೂದಿಸಿದ ಸ್ಥಳವನ್ನು ದಾಟಿ ಮುಂದುವರಿಯಬಾರದು. ಅನುಮತಿ ಪತ್ರವು ಮಾರ್ಗದ ಸುರಕ್ಷತೆಗೆ ಖಾತರಿಯಲ್ಲ.
2. ಭಾರತ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ, ಚಂಡೀಗಢದ ಡಿಫೆನ್ಸ್ ಜಿಯೋಇನ್‌ಫರ್ಮ್ಯಾಟಿಕ್ಸ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಸಂಸ್ಥೆಯ ಹಿಮಕುಸಿತ ಎಚ್ಚರಿಕೆಯನ್ನೂ ಗಮನಿಸುವುದು.
3. ಹಿಮಾವೃತ ಇಳಿಜಾರುಗಳಿಗೆ ಹೋಗುವ ಪ್ರತಿಯೊಬ್ಬರೂ ಸಂಕೇತ ಸೂಸುವ ಬೀಕನ್ ಉಪಕರಣ, ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಸರಳು ಹಾಗೂ ಸಲಿಕೆಯನ್ನು ಹೊಂದಿರುವುದು. ಇವುಗಳ ಬಳಕೆಯನ್ನು ಮೊದಲೇ ಅಭ್ಯಾಸ ಮಾಡಿರುವುದು.
4. ಮಾರ್ಗ ಮತ್ತು ಹಿಂದಿರುಗುವ ದಿನಾಂಕದ ವಿವರವನ್ನು ಮನೆಯವರಿಗೆ ಲಿಖಿತವಾಗಿ ನೀಡುವುದು.

ಚಾರಣದ ಸಮಯದಲ್ಲಿ

1. ಸೂರ್ಯೋದಯಕ್ಕೆ ಮುನ್ನವೇ ಹೊರಟು, ಹಿಮ ಸಡಿಲಗೊಳ್ಳುವ ಮೊದಲು ಕಡಿದಾದ ಇಳಿಜಾರುಗಳನ್ನು ದಾಟುವುದು. ವಿಳಂಬವಾದಲ್ಲಿ ಅಂದಿನ ಪ್ರಯಾಣವನ್ನು ಕೈಬಿಡುವುದು.
2. ಪಾದವು ಕಣಕಾಲಿನವರೆಗೆ ಹೂತುಹೋಗುವುದು, ಹಿಮದ ಉಂಡೆಗಳು ತಾವಾಗಿ ಉರುಳುವುದು, ಸಮೀಪದಲ್ಲಿ ಹೊಸ ಕುಸಿತ ಕಾಣುವುದು – ಇವು ಕೂಡಲೇ ಹಿಂದಿರುಗಬೇಕೆಂಬ ಸೂಚನೆಗಳು.
3. ಅನಿವಾರ್ಯವಾದಲ್ಲಿ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟುವುದು. ಉಳಿದವರು ಸುರಕ್ಷಿತ ಸ್ಥಳದಲ್ಲಿ ನಿಂತು ಅವರನ್ನು ಗಮನಿಸುವುದು.
4. ಹಿಮ ತುಂಬಿದ ಕಣಿವೆಗಳಲ್ಲಿ ಹಾಗೂ ಕಡಿದಾದ ಇಳಿಜಾರುಗಳ ಕೆಳಗೆ ವಿಶ್ರಮಿಸಬಾರದು, ಡೇರೆ ಹಾಕಬಾರದು.

ಹಿಮಕುಸಿತ ಸಂಭವಿಸಿದಲ್ಲಿ

ಸಿಲುಕಿದವರು ಅಂಚಿನ ಕಡೆಗೆ ಸರಿಯಲು ಯತ್ನಿಸಿ, ಹಿಮದ ವೇಗ ತಗ್ಗುವಾಗ ಮುಖದ ಮುಂದೆ ಕೈಗಳಿಂದ ಗಾಳಿಗೆ ಸ್ಥಳ ಮಾಡಿಕೊಳ್ಳಬೇಕು. ಒದ್ದೆ ಹಿಮವು ನಿಂತೊಡನೆ ಗಟ್ಟಿಯಾಗುವುದರಿಂದ ಅನಂತರ ಕೈ ಆಡಿಸುವುದೂ ಅಸಾಧ್ಯ. ಹೂತುಹೋದವರನ್ನು 10 ನಿಮಿಷಗಳೊಳಗೆ ಹೊರತೆಗೆದಲ್ಲಿ ಬಹುತೇಕರು ಬದುಕುಳಿಯುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಬದುಕುಳಿಯುವವರು ಸುಮಾರು ಮೂರರಲ್ಲಿ ಒಬ್ಬರು ಮಾತ್ರ. ದೂರದಿಂದ ಬರುವ ರಕ್ಷಣಾ ತಂಡಕ್ಕೆ ಅಷ್ಟರೊಳಗೆ ತಲುಪುವುದು ಕಷ್ಟಸಾಧ್ಯ. ಆದ್ದರಿಂದ ಜೊತೆಗಿರುವವರು ಮತ್ತೊಂದು ಕುಸಿತದ ಸಂಭವವನ್ನು ಗಮನಿಸಿ, ವ್ಯಕ್ತಿ ಕೊನೆಯದಾಗಿ ಕಂಡ ಸ್ಥಳದಿಂದ ಕೆಳಮುಖವಾಗಿ ತಕ್ಷಣ ಹುಡುಕಬೇಕು. ಸಂಪರ್ಕ ಲಭ್ಯವಿದ್ದಲ್ಲಿ ಒಬ್ಬರು ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು.

ಚಾರಣದ ಶುಲ್ಕ ಪಾವತಿಯಾಗಿದೆ ಅಥವಾ ರಜೆ ಮುಗಿಯುತ್ತಿದೆ ಎಂಬ ಕಾರಣಕ್ಕಾಗಿ ಅಪಾಯದ ಸೂಚನೆಗಳನ್ನು ಕಡೆಗಣಿಸಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.