ದುರಸ್ತಿಯೂ ಒಂದು ಆಕರ: ರಾಮನಗರ ಸೀಮೆ ಮತ್ತು ಹಳೆಯ ಮೋಟಾರ್‌ಸೈಕಲ್ಲುಗಳು

ಚರಿತ್ರೆಯ ಆಕರಗಳೆಂದೊಡನೆ ಶಾಸನ, ಕಡತ, ನಾಣ್ಯ, ಸ್ಮಾರಕಗಳು ನೆನಪಿಗೆ ಬರುತ್ತವೆ. ಜನಸಾಮಾನ್ಯರು ದಿನನಿತ್ಯ ಬಳಸಿದ ಯಂತ್ರಗಳು ಈ ಪಟ್ಟಿಗೆ ಸೇರುವುದು ಅಪರೂಪ. ಮನೆಯ ಹಿತ್ತಲಿನಲ್ಲಿ ನಿಂತುಹೋದ ಹಳೆಯ ಮೋಟಾರ್‌ಸೈಕಲ್ಲನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಓಡಿಸುವ ಕೆಲಸವನ್ನು ಸಾಮಾನ್ಯವಾಗಿ ಹವ್ಯಾಸವೆಂದೇ ಪರಿಗಣಿಸಲಾಗಿದೆ. ಆದರೆ ಹೀಗೆ ಬಿಚ್ಚುವುದು ಒಂದು ದಾಖಲೆಯನ್ನು ಓದುವ ಕ್ರಮವೂ ಹೌದು. ಎಚ್ಚರ ತಪ್ಪಿದರೆ ಅದನ್ನು ಅಳಿಸುವ ಕ್ರಮವೂ ಹೌದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯನ್ನು ಮುಂದಿಟ್ಟುಕೊಂಡು ಈ ಅಂಶವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. ಲೋಹದ ಕೆಲಸ ಈ ಸೀಮೆಗೆ ಹೊಸತಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಾಗಡಿಯ ಸುತ್ತಲಿನ ಕಬ್ಬಿಣದ ಕುಲುಮೆಗಳನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಗಳನ್ನೂ ದಾಖಲಿಸಿದ್ದಾನೆ. ಚನ್ನಪಟ್ಟಣದ ಬೊಂಬೆ ಮಾಡುವವರ ಚರಕಿಯಾಗಲಿ, ಪೇಟೆಯ ಲೇತ್ ಯಂತ್ರವಾಗಲಿ, ನಡೆಯುವ ತತ್ತ್ವ ಒಂದೇ: ವಸ್ತು ತಿರುಗುತ್ತದೆ, ಉಳಿ ಅದನ್ನು ಅಳತೆಗೆ ತರುತ್ತದೆ. ಮರದಲ್ಲಿಯಾಗಲಿ ಲೋಹದಲ್ಲಿಯಾಗಲಿ, ಕೈಯ ಅಂದಾಜನ್ನು ಅಳತೆಯನ್ನಾಗಿಸುವ ಜ್ಞಾನವಿದು.

ಮೋಟಾರ್‌ಸೈಕಲ್ಲಿನ ಚರಿತ್ರೆಗೆ ರಾಮನಗರವನ್ನು ಜೋಡಿಸಿದ್ದು ಒಂದು ಚಲನಚಿತ್ರ. ರಮೇಶ್ ಸಿಪ್ಪಿ ನಿರ್ದೇಶನದ ‘ಶೋಲೆ’ ಚಿತ್ರದ ಚಿತ್ರೀಕರಣ 1973ರ ಅಕ್ಟೋಬರ್‌ನಲ್ಲಿ ಇಲ್ಲಿನ ಬೆಟ್ಟಗಳ ನಡುವೆ ಆರಂಭವಾಯಿತು. ಚಿತ್ರ ತೆರೆಕಂಡದ್ದು 1975ರ ಆಗಸ್ಟ್ 15ರಂದು. ಅದರಲ್ಲಿ ನಾಯಕರಿಬ್ಬರು ಏರಿ ಹಾಡುವ, ಪಕ್ಕದ ತೊಟ್ಟಿಲುಳ್ಳ ವಾಹನ ಬಿ.ಎಸ್.ಎ. ಕಂಪನಿಯ ಡಬ್ಲ್ಯೂ.ಎಂ. 20. ಎರಡನೆಯ ಮಹಾಯುದ್ಧಕ್ಕಾಗಿ ಬ್ರಿಟನ್ ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿದ ಎಂ. 20 ಮಾದರಿಯ ಸೈನಿಕ ರೂಪವಿದು. ಚಿತ್ರದಲ್ಲಿ ಬಳಸಿದ 1942ರ ಆ ವಾಹನದ ಸಂಖ್ಯೆ ಎಂ.ವೈ.ಬಿ. 3047. ಇಲ್ಲಿನ ‘ಎಂ.ವೈ.’ ಅಕ್ಷರಗಳು ಮೈಸೂರು ರಾಜ್ಯವನ್ನು ಸೂಚಿಸುತ್ತವೆ. ಚಿತ್ರೀಕರಣ ಆರಂಭವಾದ ತಿಂಗಳೊಪ್ಪತ್ತಿನಲ್ಲಿ, 1973ರ ನವೆಂಬರ್ 1ರಂದು, ರಾಜ್ಯ ‘ಕರ್ನಾಟಕ’ವಾಯಿತು. ಚಿತ್ರಕ್ಕಾಗಿ ಕಟ್ಟಿದ ಊರು ಅಳಿಯಿತು; ವಾಹನ ಉಳಿದು, 2025ರಲ್ಲಿ ಗೋವಾದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಒಂದು ಫಲಕ, ರಾಜ್ಯದ ಹಳೆಯ ಹೆಸರನ್ನು ಇಂದಿಗೂ ಹೊತ್ತಿದೆ.

ಬಿ.ಎಸ್.ಎ. ಹೊರಗಿನಿಂದ ಬಂದ ವಾಹನ. ಕನ್ನಡ ನಾಡಿನದೇ ಆದದ್ದು ಮೈಸೂರಿನ ಜಾವಾ. ಐಡಿಯಲ್ ಜಾವಾ ಸಂಸ್ಥೆಯು ಚೆಕೊಸ್ಲೊವಾಕಿಯಾದ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಸ್ಥಾಪಿಸಿದ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಅದರ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೊಂದು ಸಂಸ್ಥೆ ಜಾವಾ ಹೆಸರನ್ನು ಮರಳಿ ತಂದಿತಾದರೂ, ಹಳೆಯ ಗಾಡಿಗಳ ಪಾಲಿಗೆ ಮೂಲ ಬಿಡಿಭಾಗಗಳ ಸೆಲೆ ಅಂದೇ ಬತ್ತಿತ್ತು. ಆಮೇಲೆ ಅವು ಉಳಿದಿದ್ದು ಮೆಕ್ಯಾನಿಕ್ಕರ ಕೈಚಳಕದಿಂದ, ಮಾಲೀಕರ ಹಟದಿಂದ.

ಇಂಥ ಗಾಡಿಯನ್ನು ಬಿಚ್ಚಿದಾಗ ಸಿಗುವ ಸಾಕ್ಷ್ಯಗಳೇನು? ಮೊದಲನೆಯದು ಎಂಜಿನ್ ಮತ್ತು ಚಾಸಿ ಸಂಖ್ಯೆಗಳು. ನೋಂದಣಿ ಪುಸ್ತಕದೊಡನೆ ಇವು ತಾಳೆಯಾಗದಿದ್ದರೆ, ಎಂಜಿನ್ ಎಂದೋ ಬದಲಾಗಿದೆಯೆಂದು ತಿಳಿಯಬೇಕು. ಎರಡನೆಯದು ಬಣ್ಣ. ಟ್ಯಾಂಕಿನ ತಳಭಾಗ, ಸೀಟಿನ ಅಡಿ, ಟೂಲ್‌ಬಾಕ್ಸಿನ ಒಳಗೆ ಮೂಲಬಣ್ಣ ಉಳಿದಿರುತ್ತದೆ. ಮೂರನೆಯದು ಸಿಲಿಂಡರು. 250 ಸಿ.ಸಿ. ಜಾವಾದ ಸಿಲಿಂಡರಿನ ಮೂಲ ವ್ಯಾಸ 65 ಮಿ.ಮೀ. ಅದು ಸವೆದಾಗ ಬೋರ್ ಮಾಡಿಸಿ, ಒಂದು ಹಂತ ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಆದುದರಿಂದ ವ್ಯಾಸವನ್ನು ಅಳೆದರೆ ಗಾಡಿ ಎಷ್ಟು ದುಡಿದಿದೆ, ಎಷ್ಟು ಬಾರಿ ರಿಪೇರಿಯಾಗಿದೆ ಎಂಬುದನ್ನು ಊಹಿಸಬಹುದು. ಆಯಿಲ್ ಸೀಲುಗಳೂ ಮಾತನಾಡುತ್ತವೆ: ಡೈನಮೋ ಕಡೆಯ ಸೀಲು ಒಣಗಿದರೆ ಎಂಜಿನ್ನು ಹೊರಗಿನ ಗಾಳಿ ಎಳೆದು ಬಿಸಿಯೇರುತ್ತದೆ, ಕ್ಲಚ್ ಕಡೆಯದು ಒಣಗಿದರೆ ಗೇರ್ ಎಣ್ಣೆಯನ್ನು ಸುಟ್ಟು ದಟ್ಟ ಹೊಗೆಯುಗುಳುತ್ತದೆ. ಬಹುಕಾಲ ನಿಂತಿದ್ದ ಗಾಡಿಯ ಲಕ್ಷಣಗಳಿವು.

ಇಲ್ಲಿಯೇ ಮುಖ್ಯವಾದ ಪ್ರಶ್ನೆ ಏಳುತ್ತದೆ. ಹೊಸದರಂತೆ ಹೊಳೆಯಿಸಬೇಕೆಂದು ಬಣ್ಣವನ್ನೆಲ್ಲ ಕೆರೆದು, ಸಂಖ್ಯೆಗಳಿದ್ದ ಜಾಗವನ್ನು ಉಜ್ಜಿ, ಎಲ್ಲಕ್ಕೂ ಕ್ರೋಮ್ ಹಾಕಿಸುವುದು ಶಾಸನಕ್ಕೆ ಸುಣ್ಣ ಬಳಿದಂತೆ. ಅಕ್ಷರ ಮುಚ್ಚಿಹೋಗುತ್ತದೆ, ಕಲ್ಲು ಮಾತ್ರ ಉಳಿಯುತ್ತದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳು, ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿರುವ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳಿಗೆ ‘ವಿ.ಎ.’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿವೆ. ಇದು ಸ್ವಾಗತಾರ್ಹ. ಆದರೆ ಮೂಲರೂಪ ಎಂಬುದನ್ನು ಕಾರ್ಖಾನೆಯಿಂದ ಹೊರಬಂದ ದಿನದ ರೂಪವೆಂದಷ್ಟೇ ಗ್ರಹಿಸಿದರೆ, ನಡುವಿನ ಅರ್ಧ ಶತಮಾನ ಲೆಕ್ಕಕ್ಕೇ ಬರುವುದಿಲ್ಲ. ಭಾಗ ಸಿಗದ ಕಾಲದಲ್ಲಿ ಲೇತಿನಲ್ಲಿ ತಿರುಗಿಸಿ ಕೂರಿಸಿದ ಹಿತ್ತಾಳೆಯ ಬುಷ್ಷು ಕಾರ್ಖಾನೆಯದಲ್ಲ, ನಿಜ. ಆದರೆ ಆ ಗಾಡಿ ಉಳಿದಿರುವುದೇ ಅದರಿಂದ. ಅದನ್ನು ನಕಲಿಯೆಂದು ಗುಜರಿಗೆ ಎಸೆದರೆ, ಅನಾಮಿಕ ಕುಶಲಕರ್ಮಿಯೊಬ್ಬನ ಏಕೈಕ ಸಹಿಯನ್ನು ಎಸೆದಂತಾಗುತ್ತದೆ.

ಆದ್ದರಿಂದ ಮನೆಯಲ್ಲಿ ದುರಸ್ತಿ ಮಾಡುವವರು ಕೆಲವು ಶಿಸ್ತುಗಳನ್ನು ರೂಢಿಸಿಕೊಳ್ಳುವುದು ಅಗತ್ಯ. ಬಿಚ್ಚುವ ಮುನ್ನ ಪ್ರತಿ ಭಾಗದ ಛಾಯಾಚಿತ್ರ ತೆಗೆಯಬೇಕು. ಅಳತೆ ಮತ್ತು ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಬದಲಿಸಿದ ಭಾಗಕ್ಕೆ ಚೀಟಿ ಕಟ್ಟಿ ಕಾಪಾಡಬೇಕು. ಮೂಲಬಣ್ಣದ ಅಂಗೈಯಗಲದ ಜಾಗವನ್ನಾದರೂ ಮುಟ್ಟದೆ ಬಿಡಬೇಕು. ಇವುಗಳಿಗಿಂತ ತುರ್ತಾದದ್ದು ಇನ್ನೊಂದಿದೆ. ಮೈಸೂರಿನ ಕಾರ್ಖಾನೆಯಲ್ಲಿ ದುಡಿದವರೂ, ಬೆಂಗಳೂರು–ಮೈಸೂರು ಹೆದ್ದಾರಿಯ ಊರುಗಳಲ್ಲಿ ಈ ಗಾಡಿಗಳನ್ನು ರಿಪೇರಿ ಮಾಡಿದವರೂ ಈಗ ವಯೋವೃದ್ಧರು. ಶಬ್ದ ಕೇಳಿಯೇ ದೋಷ ಗುರುತಿಸುವ ಅವರ ವಿದ್ಯೆ ಯಾವ ಕೈಪಿಡಿಯಲ್ಲಿಯೂ ಅಚ್ಚಾಗಿಲ್ಲ. ಬಿಡಿಭಾಗವನ್ನು ಮತ್ತೆ ಎರಕ ಹೊಯ್ಯಬಹುದು. ಆ ಕಿವಿಯನ್ನು ಹೊಯ್ಯಲಾಗದು. ಅವರ ಮಾತುಗಳನ್ನು ಧ್ವನಿಮುದ್ರಿಸಿ ಸಂಗ್ರಹಿಸುವ ಕೆಲಸ ತಾಲ್ಲೂಕು ಮಟ್ಟದಲ್ಲಿಯೇ ಆರಂಭವಾಗಬೇಕು.